ಪಾಡ್‌ಕಾಸ್ಟ್ ಪಠ್ಯ: ಅಣ್ಣನ ಪಿಸ್ತೂಲನ್ನು ತಮ್ಮ ಯಾಕೆ ಇಸ್ಕೊಳ್ಳೋ ಹಾಗಿಲ್ಲ?

ಈ ಸಲದ ಸಂಚಿಕೆ ಒಂದು ಇಮೇಲ್‌ನಿಂದ ಶುರುವಾಗುತ್ತೆ. ಕಳಿಸಿದವರು ಸಕಲೇಶಪುರದ ಕಡೆಯವರು, ಈಗ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ಹತ್ತಿರ ಇದ್ದಾರೆ. ಹೆಸರು ಬೇಡ ಅಂದಿದ್ದಾರೆ, ಹಾಗಾಗಿ ಹೇಳ್ತಾ ಇಲ್ಲ. ಅವರು ಬರೆದಿರೋದು ಇಷ್ಟು: “ನಮ್ಮಣ್ಣ ಅರಿಜೋನಾದ ಫೀನಿಕ್ಸ್‌ನಲ್ಲಿದ್ದಾನೆ. ಅಮೆರಿಕದ ಸಿಟಿಜನ್. ಅವನ ಹತ್ತಿರ ಎರಡು ಪಿಸ್ತೂಲು ಇವೆ. ನನಗೆ ಈಗ ಗ್ರೀನ್ ಕಾರ್ಡ್ ಬಂದಿದೆ. ಪಕ್ಕದ ಬೀದಿಯಲ್ಲಿ ಎರಡು ಮನೆ ಕಳವಾದ ಮೇಲೆ ನನ್ನ ಹೆಂಡತಿಗೆ ರಾತ್ರಿ ನಿದ್ದೆ ಇಲ್ಲ. ‘ನಂದೊಂದು ನೀನಿಟ್ಕೋ, ದೀಪಾವಳಿಗೆ ಬರುವಾಗ ಕಾರಲ್ಲಿ ತರ್ತೀನಿ’ ಅಂತಾನೆ ಅಣ್ಣ. ತಂದ್ರೆ ಏನಾಗುತ್ತೆ?”

ಚಿಕ್ಕ ಉತ್ತರ ಮೊದಲು ಹೇಳಿಬಿಡ್ತೀನಿ. ತಂದರೆ ಏನೂ ಆಗಲ್ಲ. ಕೊಟ್ಟರೆ ಆಗುತ್ತೆ.

ಕೊಟ್ಟ ಅಣ್ಣನಿಗೂ ಆಗುತ್ತೆ, ಇಸ್ಕೊಂಡ ತಮ್ಮನಿಗೂ ಆಗುತ್ತೆ. ತಮ್ಮನಿಗೆ ಇನ್ನೂ ಒಂದು ಕೈ ಜಾಸ್ತಿಯೇ ಆಗುತ್ತೆ, ಯಾಕಂದ್ರೆ ಅವರ ಕೈಯಲ್ಲಿರೋದು ಪೌರತ್ವ ಅಲ್ಲ, ಗ್ರೀನ್ ಕಾರ್ಡ್. ಕೋವಿಗೆ ಸಂಬಂಧಪಟ್ಟ ಕೇಸ್‌ನಲ್ಲಿ ಶಿಕ್ಷೆಯಾದರೆ ಅಮೆರಿಕದ ವಲಸೆ ಕಾನೂನಿನ ಪ್ರಕಾರ ಅದೇ ಗಡೀಪಾರಿಗೆ ಒಂದು ಕಾರಣ. ಹದಿನೈದು ವರ್ಷ ದುಡಿದು ಕಟ್ಟಿದ ಮನೆ, ಅಲ್ಲೇ ಹುಟ್ಟಿ ಶಾಲೆಗೆ ಹೋಗ್ತಿರೋ ಮಕ್ಕಳು, ಎಲ್ಲಾ ಒಂದು ಹಬ್ಬದ ಉಡುಗೊರೆಯಿಂದ ಅಲ್ಲಾಡಬಹುದು. ಅದಕ್ಕೇ ಇವತ್ತು ಇದನ್ನ ನಿಧಾನವಾಗಿ ಮಾತಾಡೋಣ ಅಂತ.

ಅಮೆರಿಕದಲ್ಲಿ ಕೋವಿ ಅಂದ್ರೆ ತರಕಾರಿ ಕೊಂಡಹಾಗೆ ಅನ್ನೋ ಕಲ್ಪನೆ ನಮ್ಮಲ್ಲಿದೆ. ಅಂಗಡಿಗೆ ಹೋದ್ರು, ದುಡ್ಡು ಕೊಟ್ರು, ತಂದ್ರು. ಕೆಲವು ರಾಜ್ಯಗಳಲ್ಲಿ, ಆ ರಾಜ್ಯದವರಿಗೆ, ಅದು ಹೆಚ್ಚುಕಮ್ಮಿ ನಿಜ. ಆದ್ರೆ ರಾಜ್ಯದ ಗಡಿ ದಾಟಿತೋ, ಕಥೆಯೇ ಬೇರೆ. ಅದರಲ್ಲೂ ಪಿಸ್ತೂಲು, ರಿವಾಲ್ವರ್ ಅಂತ ಒಂದು ಕೈಯಲ್ಲಿ ಹಿಡಿಯೋ ಆಯುಧ ಆದ್ರೆ ಫೆಡರಲ್ ಕಾನೂನು, ಅಂದ್ರೆ ಇಡೀ ದೇಶದ ಕಾನೂನು, ಬಹಳ ಬಿಗಿ.

ಈ ಬಿಗಿ ಎಲ್ಲಿಂದ ಬಂತು ಅನ್ನೋದಕ್ಕೆ 1963ಕ್ಕೆ ಹೋಗಬೇಕು. ಆ ವರ್ಷದ ಮಾರ್ಚ್‌ನಲ್ಲಿ ಲೀ ಹಾರ್ವಿ ಆಸ್ವಾಲ್ಡ್ ಒಂದು ಪತ್ರಿಕೆಯ ಜಾಹೀರಾತು ನೋಡಿ, ಕೂಪನ್ ತುಂಬಿ, 21 ಡಾಲರ್ 45 ಸೆಂಟ್‌ಗೆ ಮನಿ ಆರ್ಡರ್ ಮಾಡಿ, ಶಿಕಾಗೊದ ಅಂಗಡಿಯಿಂದ ಡಲ್ಲಾಸ್‌ನ ತನ್ನ ಪೋಸ್ಟ್ ಬಾಕ್ಸ್‌ಗೆ ಒಂದು ರೈಫಲ್ ತರಿಸಿಕೊಂಡ. ಹೆಸರು ಸುಳ್ಳು, ಎ. ಹೈಡೆಲ್ ಅಂತ. ಅದೇ ಸುಳ್ಳು ಹೆಸರಲ್ಲಿ ಲಾಸ್ ಏಂಜಲೀಸ್‌ನಿಂದ ಒಂದು ರಿವಾಲ್ವರ್ ಕೂಡ ಬಂತು. ಯಾರೂ ಮುಖ ನೋಡಲಿಲ್ಲ, ಗುರುತಿನ ಚೀಟಿ ಕೇಳಲಿಲ್ಲ. ನವೆಂಬರ್ 22ಕ್ಕೆ ಆ ರೈಫಲ್‌ನಿಂದ ಅಧ್ಯಕ್ಷ ಕೆನಡಿ ಹತ್ಯೆ ಆಯ್ತು. ಅಂಚೆಯಲ್ಲಿ ಕೋವಿ ತರಿಸೋದನ್ನ ನಿಲ್ಲಿಸಬೇಕು ಅನ್ನೋ ಮಾತು ಆಗಲೇ ಜೋರಾದ್ರೂ ಕಾಯ್ದೆಯಾಗೋಕೆ ಇನ್ನೂ ಐದು ವರ್ಷ, ಇನ್ನೆರಡು ಹತ್ಯೆ ಬೇಕಾಯ್ತು. 1968ರ ಏಪ್ರಿಲ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್, ಜೂನ್‌ನಲ್ಲಿ ರಾಬರ್ಟ್ ಕೆನಡಿ. ಅಕ್ಟೋಬರ್ 22ಕ್ಕೆ ಲಿಂಡನ್ ಜಾನ್ಸನ್ ಕೋವಿ ನಿಯಂತ್ರಣ ಕಾಯ್ದೆಗೆ ಸಹಿ ಹಾಕಿದ್ರು. ದೇಶದ ಎಲ್ಲಾ ಕೋವಿಗಳಿಗೂ ನೋಂದಣಿ, ಎಲ್ಲಾ ಮಾಲೀಕರಿಗೂ ಲೈಸೆನ್ಸ್ ಅಂತ ಅವರು ಕೇಳಿದ್ರು, ಅದು ಸಿಗಲಿಲ್ಲ. ಸಿಕ್ಕಿದ್ದು ಗಡಿ.

ಗಡಿ ಅಂದ್ರೆ ಹೀಗೆ. ಲೈಸೆನ್ಸ್ ಇಲ್ಲದ ಸಾಮಾನ್ಯ ಮನುಷ್ಯ ಇನ್ನೊಂದು ರಾಜ್ಯದ ಸಾಮಾನ್ಯ ಮನುಷ್ಯನಿಗೆ ಕೋವಿಯನ್ನ ಮಾರೋ ಹಾಗಿಲ್ಲ, ಸುಮ್ಮನೆ ಕೊಡೋ ಹಾಗೂ ಇಲ್ಲ. ಬೇರೆ ರಾಜ್ಯದಲ್ಲಿ ಪಡೆದದ್ದನ್ನ ತನ್ನ ರಾಜ್ಯಕ್ಕೆ ತಗೊಂಡು ಬರೋ ಹಾಗೂ ಇಲ್ಲ. ಇಲ್ಲಿ ‘ಮನುಷ್ಯ’ ಅಂದ್ರೆ ಒಡಹುಟ್ಟಿದವರೂ ಸೇರಿದ್ರು. ಡೀಲರ್ ಕೂಡ ಬೇರೆ ರಾಜ್ಯದ ನಿವಾಸಿಗೆ ಪಿಸ್ತೂಲನ್ನ ಕೈಗೆ ಕೊಡೋ ಹಾಗಿಲ್ಲ. ರೈಫಲ್, ಶಾಟ್‌ಗನ್‌ಗೆ 1986ರಲ್ಲಿ ಸಡಿಲಿಕೆ ಬಂತು. ಎರಡೂ ರಾಜ್ಯದ ಕಾನೂನು ಪಾಲಿಸಿದ್ರೆ ಬೇರೆ ರಾಜ್ಯದ ಅಂಗಡಿಯಲ್ಲೇ ಕೊಳ್ಳಬಹುದು. ಪಿಸ್ತೂಲಿಗೆ ಅದು ಬರಲಿಲ್ಲ. ಹಾಗಾದ್ರೆ ದಾರಿ? ಒಂದೇ. ಕೊಡೋರು ಪಿಸ್ತೂಲನ್ನ, ಪಡೆಯೋರ ರಾಜ್ಯದಲ್ಲಿರೋ ಲೈಸೆನ್ಸ್ ಇರುವ ಡೀಲರ್‌ಗೆ ತಲುಪಿಸಬೇಕು. ಆ ಡೀಲರ್ ಅದನ್ನ ತನ್ನ ಪುಸ್ತಕದಲ್ಲಿ ಬರೆದುಕೊಳ್ತಾರೆ. ಪಡೆಯೋರು ಆ ಅಂಗಡಿಗೇ ಹೋಗಿ, ಫಾರ್ಮ್ 4473 ಅನ್ನೋದನ್ನ ತುಂಬಿ, ಬ್ಯಾಕ್‌ಗ್ರೌಂಡ್ ಚೆಕ್ ಆದ ಮೇಲೆ ತಗೋಬೇಕು.

ಇದನ್ನೂ ಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ್ದಾರೆ. ವಾಷಿಂಗ್ಟನ್ ನಗರದ ದಂಪತಿ ಟೆಕ್ಸಾಸ್‌ಗೆ ಹೋದಾಗ ಅಲ್ಲಿನ ಡೀಲರ್ ಹತ್ತಿರ ಪಿಸ್ತೂಲು ಇಷ್ಟಪಟ್ಟರು. ಅಲ್ಲೇ ಕೊಡೋ ಹಾಗಿಲ್ಲ, ವಾಷಿಂಗ್ಟನ್‌ನ ಡೀಲರ್ ಮೂಲಕವೇ ಹೋಗಬೇಕು. ಆಗ ಇಡೀ ವಾಷಿಂಗ್ಟನ್‌ಗೆ ಇಂಥ ವರ್ಗಾವಣೆ ಮಾಡಿಕೊಡೋ ಡೀಲರ್ ಇದ್ದದ್ದು ಒಬ್ಬರೇ, ಅವರ ಶುಲ್ಕ 125 ಡಾಲರ್. 2015ರಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶರು ಈ ನಿಷೇಧ ಸಂವಿಧಾನಕ್ಕೆ ವಿರುದ್ಧ ಅಂದ್ರು. 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನ ತಿರುಗಿಸಿ ಹಾಕ್ತು. 2020ರಲ್ಲಿ ಸುಪ್ರೀಂ ಕೋರ್ಟ್ ಕೇಸ್ ಕೈಗೆತ್ತಿಕೊಳ್ಳಲೇ ಇಲ್ಲ. ಅಲ್ಲಿಗೆ ಆ ಬಾಗಿಲು ಮುಚ್ಚಿತು.

ಇಲ್ಲೊಂದು ವಿನಾಯಿತಿ ಇದೆ, ಕೇಳಿದ್ರೆ ನಗು ಬರುತ್ತೆ. ಉಯಿಲಿನ ಮೂಲಕ ಅಥವಾ ವಾರಸುದಾರಿಕೆಯಿಂದ ಬಂದ ಕೋವಿಗೆ ಈ ಗಡಿ ನಿಯಮ ಇಲ್ಲ. ಅಂದ್ರೆ ಅಣ್ಣ ಬದುಕಿದ್ದಾಗ ಪ್ರೀತಿಯಿಂದ ಕೊಟ್ರೆ ಅಪರಾಧ. ಸತ್ತ ಮೇಲೆ ಉಯಿಲಲ್ಲಿ ಬಿಟ್ಟು ಹೋದ್ರೆ ಫೆಡರಲ್ ಕಾನೂನು ಅಡ್ಡ ಬರಲ್ಲ. ಕ್ಯಾಲಿಫೋರ್ನಿಯಾದ ಕಾಗದಪತ್ರ ಆಗಲೂ ಬೇರೆ ಇರುತ್ತೆ ಅನ್ನಿ.

ಈಗ ನಮ್ಮ ಸ್ನೇಹಿತರು ಹೇಳಬಹುದು, “ಸರಿ ಸ್ವಾಮಿ, ಡೀಲರ್ ಮೂಲಕವೇ ಮಾಡ್ತೀವಿ.” ಅಲ್ಲಿ ಎರಡನೇ ಗಡಿ ಬರುತ್ತೆ. ಅದು ಕ್ಯಾಲಿಫೋರ್ನಿಯಾದ್ದೇ.

ಕ್ಯಾಲಿಫೋರ್ನಿಯಾದಲ್ಲಿ 2001ರಿಂದ ಒಂದು ಪಟ್ಟಿ ಇದೆ. ‘ರೋಸ್ಟರ್’ ಅಂತಾರೆ. ಕೆಳಗೆ ಬೀಳಿಸಿ ನೋಡೋ ಪರೀಕ್ಷೆ, ಹಾರಿಸಿ ನೋಡೋ ಪರೀಕ್ಷೆ ಪಾಸಾಗಿ, ರಾಜ್ಯ ಒಪ್ಪಿದ ಮಾದರಿಗಳು ಮಾತ್ರ ಆ ಪಟ್ಟಿಗೆ ಬರ್ತವೆ. ಆಮೇಲೆ ಷರತ್ತುಗಳು ಬೆಳೀತಾ ಹೋದ್ವು. ಒಳಗೆ ಗುಂಡು ಇದೆ ಅಂತ ತೋರಿಸೋ ಸೂಚಕ ಬೇಕು, ಮ್ಯಾಗಜಿನ್ ತೆಗೆದ್ರೆ ಗುಂಡು ಹಾರಬಾರದು, ಕೊನೆಗೆ ಹಾರಿದ ತೋಟಾದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಗುರುತು ಅಚ್ಚಾಗಬೇಕು ಅನ್ನೋವರೆಗೆ. ಆ ಕೊನೆಯದನ್ನ ಕಂಪನಿಗಳು ಮಾಡಲೇ ಇಲ್ಲ. ಅದರಿಂದ ವರ್ಷಗಟ್ಟಲೆ ಹೊಸ ಮಾದರಿಗಳು ಪಟ್ಟಿಗೆ ಸೇರಲಿಲ್ಲ. ಪಕ್ಕದ ನೆವಾಡಾದ ಅಂಗಡಿಯಲ್ಲಿ ಗ್ಲಾಕ್ ಪಿಸ್ತೂಲಿನ ಐದನೇ ತಲೆಮಾರು ಮಾರ್ತಿದ್ರೆ, ಕ್ಯಾಲಿಫೋರ್ನಿಯಾದ ಅಂಗಡಿಯವರು ಮೂರನೇ ತಲೆಮಾರನ್ನೇ ಇಟ್ಕೊಂಡು ಕೂತಿದ್ರು. ನಮ್ಮಲ್ಲಿ ಹಳೇ ಅಂಬಾಸಿಡರ್ ಕಾರು ಎಷ್ಟೋ ಕಾಲ ಸರ್ಕಾರಿ ಕಾರು ಆಗಿತ್ತಲ್ಲ, ಹಾಗೆ. 2023ರಲ್ಲಿ ಫೆಡರಲ್ ನ್ಯಾಯಾಧೀಶರೊಬ್ಬರು ಈ ಷರತ್ತುಗಳನ್ನ ತಡೆದ ಮೇಲೆ ಸ್ವಲ್ಪ ಅಲುಗಾಟ ಶುರುವಾಗಿದೆ. ಆದರೆ ಪಟ್ಟಿ ಅನ್ನೋದು ಇದ್ದೇ ಇದೆ.

ಪಟ್ಟಿಯಲ್ಲಿಲ್ಲದ ಪಿಸ್ತೂಲು ಇಟ್ಟುಕೊಳ್ಳೋದು ಅಪರಾಧ ಅಲ್ಲ, ಇದು ಬಹಳ ಜನ ತಪ್ಪು ತಿಳಿಯೋ ಜಾಗ. ಡೀಲರ್ ಅದನ್ನ ಸಾಮಾನ್ಯ ಗಿರಾಕಿಗೆ ಕೊಡೋ ಹಾಗಿಲ್ಲ ಅಷ್ಟೇ. ಕ್ಯಾಲಿಫೋರ್ನಿಯಾದ ಇಬ್ಬರು ನಿವಾಸಿಗಳು ಡೀಲರ್ ಮುಂದೆ ನಿಂತು ಒಬ್ಬರಿಂದ ಇನ್ನೊಬ್ಬರು ಕೊಳ್ಳಬಹುದು. ಪೊಲೀಸರಿಗೆ ವಿನಾಯಿತಿ ಇದೆ. ಹೀಗೆ ಕೊಂಡು ಲಾಭಕ್ಕೆ ಮಾರಿದ ಕೆಲವು ಪೊಲೀಸರೇ ಫೆಡರಲ್ ಕೋರ್ಟ್ ಮೆಟ್ಟಿಲು ಹತ್ತಿದ್ದಾರೆ. ಹೊರ ರಾಜ್ಯದಿಂದ ಬಂದು ನೆಲೆಸುವವರು ತಮ್ಮ ಪಿಸ್ತೂಲು ತರಬಹುದು, 60 ದಿನದೊಳಗೆ ರಾಜ್ಯಕ್ಕೆ ವರದಿ ಮಾಡಬೇಕು. ಮತ್ತೆ ಕುಟುಂಬದ ವಿನಾಯಿತಿ: ತಂದೆ ತಾಯಿಯಿಂದ ಮಕ್ಕಳಿಗೆ, ಅಜ್ಜ ಅಜ್ಜಿಯಿಂದ ಮೊಮ್ಮಕ್ಕಳಿಗೆ, ಅಥವಾ ಇದರ ತಿರುಗು. ಗಂಡ ಹೆಂಡತಿ ನಡುವೆಯೂ ಇದೆ.

ಗಮನಿಸಿದ್ರಾ? ಅಣ್ಣ ತಮ್ಮ ಆ ಪಟ್ಟಿಯಲ್ಲಿಲ್ಲ. ನಮ್ಮ ಲೆಕ್ಕದಲ್ಲಿ ಅಣ್ಣ ಅಂದ್ರೆ ಅಪ್ಪನ ಸಮಾನ. ಕ್ಯಾಲಿಫೋರ್ನಿಯಾದ ಲೆಕ್ಕದಲ್ಲಿ ಅಣ್ಣ ಅಂದ್ರೆ ಅರಿಜೋನಾದ ಒಬ್ಬ ಅಪರಿಚಿತ. ಫೀನಿಕ್ಸ್‌ನಲ್ಲಿ ಅಪ್ಪನೇ ಇದ್ದು, ಅವರದೇ ಪಿಸ್ತೂಲಾಗಿದ್ರೆ, ಕ್ಯಾಲಿಫೋರ್ನಿಯಾದ ಡೀಲರ್ ಮೂಲಕ ಮಗನಿಗೆ ಕೊಡಬಹುದಿತ್ತು, ಪಟ್ಟಿಯಲ್ಲಿ ಇಲ್ಲದಿದ್ರೂ. ಅಣ್ಣ ಕಳಿಸಿದ್ರೆ, ಆ ಮಾದರಿ ಪಟ್ಟಿಯಲ್ಲಿದ್ರೆ ಮಾತ್ರ ಡೀಲರ್ ಕೊಡ್ತಾರೆ. ಇಲ್ಲದಿದ್ರೆ ವಾಪಸ್.

ಇಷ್ಟು ಕೇಳಿದ ಮೇಲೆ ಕೆಲವರು ಇನ್ನೊಂದು ಯೋಚನೆ ಮಾಡ್ತಾರೆ. ಅಣ್ಣ ಅಲ್ಲೇ ತನ್ನ ಹೆಸರಲ್ಲಿ ಪಟ್ಟಿಯಲ್ಲಿರೋ ಒಂದನ್ನ ಕೊಳ್ಳಲಿ, ದುಡ್ಡು ನಾನು ಹಾಕ್ತೀನಿ, ಆಮೇಲೆ ಡೀಲರ್ ಮೂಲಕ ನನಗೆ ಬರಲಿ. ಎಲ್ಲಾ ಸರಿ ಇದೆಯಲ್ಲ? ಇಲ್ಲ. ಇಲ್ಲೇ ಎಚ್ಚರ ಬೇಕಾಗಿರೋದು. ಇದಕ್ಕೆ ಸರಿಯಾಗಿ ಒಂದು ಕೇಸ್ ಇದೆ, ಸುಪ್ರೀಂ ಕೋರ್ಟ್‌ವರೆಗೆ ಹೋಗಿದ್ದು. ಅಬ್ರಾಮ್ಸ್ಕಿ ವರ್ಸಸ್ ಯುನೈಟೆಡ್ ಸ್ಟೇಟ್ಸ್.

ಅಬ್ರಾಮ್ಸ್ಕಿ ವರ್ಜೀನಿಯಾದ ಮಾಜಿ ಪೊಲೀಸ್. ಅವರ ಚಿಕ್ಕಪ್ಪನೋ ಮಾವನೋ, ಇಂಗ್ಲಿಷಲ್ಲಿ ಎಲ್ಲಾ ಒಂದೇ ‘ಅಂಕಲ್’, ಪೆನ್ಸಿಲ್ವೇನಿಯಾದಲ್ಲಿ. ಅವರಿಗೊಂದು ಗ್ಲಾಕ್ 19 ಬೇಕಿತ್ತು. ಪೊಲೀಸರಿಗೆ ಅಂಗಡಿಯಲ್ಲಿ ರಿಯಾಯಿತಿ ಸಿಗುತ್ತೆ, ನಾನೇ ಕೊಂಡು ಕೊಡ್ತೀನಿ ಅಂದ್ರು ಅಬ್ರಾಮ್ಸ್ಕಿ. 2009ರ ನವೆಂಬರ್‌ನಲ್ಲಿ ಅಂಕಲ್ 400 ಡಾಲರ್ ಚೆಕ್ ಕಳಿಸಿದ್ರು. ಅದರ ಮೇಲೆ ‘ಗ್ಲಾಕ್ 19 ಹ್ಯಾಂಡ್‌ಗನ್’ ಅಂತ ಬರೆದೂ ಇದ್ರು, ಅಷ್ಟು ಮುಗ್ಧವಾಗಿ. ಅಬ್ರಾಮ್ಸ್ಕಿ ವರ್ಜೀನಿಯಾದಲ್ಲಿ ಕೊಂಡರು. ಫಾರ್ಮ್ 4473ರಲ್ಲಿ ಒಂದು ಪ್ರಶ್ನೆ: ಇದರ ನಿಜವಾದ ಕೊಳ್ಳುವವರು ನೀವೇನಾ? ‘ಹೌದು’ ಅಂತ ಟಿಕ್ ಹಾಕಿದ್ರು. ಆಮೇಲೆ ಪೆನ್ಸಿಲ್ವೇನಿಯಾಗೆ ಹೋಗಿ, ಅಲ್ಲಿನ ಡೀಲರ್ ಮೂಲಕ, ಅಂಕಲ್‌ಗೂ ಬ್ಯಾಕ್‌ಗ್ರೌಂಡ್ ಚೆಕ್ ಮಾಡಿಸಿ, ಕಾನೂನಿನ ಪ್ರಕಾರ ವರ್ಗಾವಣೆ ಮಾಡಿದ್ರು.

ಅಬ್ರಾಮ್ಸ್ಕಿಗೆ ಪಿಸ್ತೂಲು ಇಟ್ಟುಕೊಳ್ಳೋ ಹಕ್ಕಿತ್ತು. ಅಂಕಲ್‌ಗೂ ಇತ್ತು. ಗಡಿ ದಾಟಿದ್ದು ಡೀಲರ್ ಮೂಲಕವೇ. ಬೇರೆ ಯಾವುದೋ ತನಿಖೆಗೆ ಅಬ್ರಾಮ್ಸ್ಕಿ ಮನೆ ಶೋಧಿಸಿದಾಗ ರಸೀದಿ ಸಿಕ್ತು. ಕೇಸ್ ಬಿತ್ತು. ಅಪರಾಧ ಯಾವುದು? ಆ ಒಂದು ‘ಹೌದು’. ದುಡ್ಡು ಅಂಕಲ್‌ದು, ಕೊಳ್ಳಬೇಕಾಗಿದ್ದು ಅಂಕಲ್‌ಗೆ, ಅಂದ ಮೇಲೆ ನಿಜವಾದ ಕೊಳ್ಳುವವರು ಅಂಕಲ್. 2014ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಲ್ಲಿ ಶಿಕ್ಷೆ ಎತ್ತಿ ಹಿಡಿಯಿತು. ಬಹುಮತದ ತೀರ್ಪು ಬರೆದವರು ಎಲೆನಾ ಕೇಗನ್, ಭಿನ್ನಮತ ಬರೆದವರು ಆಂಟೊನಿನ್ ಸ್ಕಲಿಯ. ಅಬ್ರಾಮ್ಸ್ಕಿಗೆ ಸಿಕ್ಕಿದ್ದು ಐದು ವರ್ಷ ಪ್ರೊಬೇಷನ್. ನನಗೇನೋ ಸ್ಕಲಿಯ ಮಾತಿನಲ್ಲೂ ಹುರುಳಿದೆ ಅನ್ನಿಸುತ್ತೆ, ಇಬ್ಬರೂ ಅರ್ಹರೇ ಇದ್ದಾಗ ಸುಳ್ಳಿನಿಂದ ಯಾರಿಗೆ ಏನು ಹಾನಿಯಾಯ್ತು ಅಂತ. ಆದ್ರೆ ನನ್ನ ಅನಿಸಿಕೆ ಕೋರ್ಟ್‌ನಲ್ಲಿ ನಡೆಯಲ್ಲ. 2022ರ ಹೊಸ ಕಾಯ್ದೆಯಲ್ಲಿ, ಕೊಳ್ಳೋ ಹಕ್ಕಿಲ್ಲದವರ ಪರವಾಗಿ ಬೇರೆಯವರು ಕೊಂಡರೆ 15 ವರ್ಷದವರೆಗೆ ಜೈಲು.

ಉಡುಗೊರೆ ಬೇರೆ. ಅಣ್ಣ ತನ್ನ ದುಡ್ಡಲ್ಲೇ, ತಮ್ಮ ಕೇಳದೆಯೇ, ನಿಜವಾಗಲೂ ಉಡುಗೊರೆಗೆ ಅಂತ ಕೊಂಡರೆ ಕೊಂಡವರು ಅಣ್ಣನೇ. ಫಾರ್ಮ್‌ನಲ್ಲೇ ಹಾಗೆ ಬರೆದಿದೆ. ಆಮೇಲೆ ಗಡಿ ದಾಟಿಸೋಕೆ ಮತ್ತೆ ಡೀಲರ್. ಆದರೆ ‘ದುಡ್ಡು ಗೂಗಲ್ ಪೇ ಮಾಡ್ತೀನಿ’ ಅಂದ ಕ್ಷಣ ಅದು ಉಡುಗೊರೆಯಾಗಿ ಉಳಿಯಲ್ಲ.

ಒಂದು ನಿಮಿಷ ಊರಿಗೆ ಬರೋಣ. ನಮ್ಮ ಸ್ನೇಹಿತರು ಸಕಲೇಶಪುರದವರು ಅಂದೆನಲ್ಲ. ಅವರ ತೋಟದ ಮನೆಯಲ್ಲಿ ಬೆಳೆ ರಕ್ಷಣೆಯ ಕೋವಿ ಇದ್ದಿರಬಹುದು. ಚುನಾವಣೆ ಬಂದ್ರೆ ಅದನ್ನ ಹೊತ್ಕೊಂಡು ಸ್ಟೇಷನ್‌ಗೆ ಹೋಗಿ ಠೇವಣಿ ಇಟ್ಟು ಬರೋದು ಮಲೆನಾಡಿನ ಎಲ್ಲಾ ಮನೆಯ ಕಥೆ. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಇಡೀ ದೇಶಕ್ಕೆ ಒಂದೇ. ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಯಾವ ಪ್ರದೇಶದವರೆಗೆ ಸಿಂಧು ಅಂತ ಲೈಸೆನ್ಸ್‌ನಲ್ಲೇ ಬರೆದಿರುತ್ತೆ. ಪಕ್ಕದ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದಲೇ ವಿನಾಯಿತಿ, ಅದನ್ನ 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿದಿದೆ. ಅಂದ್ರೆ ನಮ್ಮವರಿಗೆ ‘ಕೋವಿ ಯಾರ ಹೆಸರಲ್ಲಿದೆ’ ಅನ್ನೋದು ಗೊತ್ತಿರೋ ಪ್ರಶ್ನೆ. ಅಮೆರಿಕದಲ್ಲಿ ಕಾಡೋದು ಬೇರೆ ಪ್ರಶ್ನೆ: ಕೋವಿ ಯಾವ ದಾರೀಲಿ ಬಂತು?

ದಾರಿ ಅಂದಾಗ ಪ್ರಯಾಣದ ವಿಷಯ. ಅಣ್ಣ ತನ್ನ ಪಿಸ್ತೂಲನ್ನ ತನಗಾಗಿಯೇ ಕಾರಿನಲ್ಲಿ ತಂದು, ವಾಪಸ್ ಒಯ್ದರೆ? ಗುಂಡು ತೆಗೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿ ಇಟ್ರೆ ಆಗುತ್ತೆ. 10ಕ್ಕಿಂತ ಹೆಚ್ಚು ಗುಂಡು ಹಿಡಿಯೋ ಮ್ಯಾಗಜಿನ್ ಮಾತ್ರ ಅರಿಜೋನಾದಲ್ಲೇ ಬಿಟ್ಟು ಬರಬೇಕು, ಕ್ಯಾಲಿಫೋರ್ನಿಯಾಗೆ ತರೋ ಹಾಗಿಲ್ಲ. ಹೊರಡೋ ಜಾಗ, ತಲುಪೋ ಜಾಗ ಎರಡರಲ್ಲೂ ಕಾನೂನುಬದ್ಧ ಆಗಿದ್ರೆ ನಡುವಿನ ರಾಜ್ಯಗಳು ತಡೆಯಬಾರದು ಅಂತ 1986ರ ಕಾಯ್ದೆ ಹೇಳುತ್ತೆ. ಆದ್ರೆ ಅದರ ರಕ್ಷಣೆ ಎಷ್ಟು ತೆಳು ಅನ್ನೋದಕ್ಕೆ ಯೂಟಾದ ಒಬ್ಬ ಪ್ರಯಾಣಿಕನ ಕಥೆ ಇದೆ. 2005ರಲ್ಲಿ ಪೆನ್ಸಿಲ್ವೇನಿಯಾಗೆ ಹೋಗ್ತಾ ನ್ಯೂಜೆರ್ಸಿಯ ನೂಅರ್ಕ್‌ನಲ್ಲಿ ವಿಮಾನ ತಪ್ಪಿತು. ಲಗೇಜ್ ಕೈಗೆ ಬಂತು, ರಾತ್ರಿ ಹೋಟೆಲ್‌ನಲ್ಲಿ ಉಳಿದ. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ನಿಯಮದ ಪ್ರಕಾರ ತಾನೇ ‘ಪೆಟ್ಟಿಗೆಯಲ್ಲಿ ಪಿಸ್ತೂಲಿದೆ’ ಅಂದ. ಬಂಧನ, ಕೆಲವು ದಿನ ಜೈಲು. ಕೇಸ್ ಆಮೇಲೆ ಕೈಬಿಟ್ರು. ಪರಿಹಾರಕ್ಕೆ ಹೋದ್ರೆ, ರಾತ್ರಿ ಆ ಲಗೇಜ್ ನಿನ್ನ ಕೈಗೆ ಸಿಗೋ ಹಾಗಿತ್ತಲ್ಲ, ಕಾಯ್ದೆಯ ರಕ್ಷಣೆ ಇಲ್ಲ ಅಂತ 2010ರಲ್ಲಿ ಮೇಲ್ಮನವಿ ಕೋರ್ಟ್ ಹೇಳ್ತು. 2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಪೆನ್ಸಿಲ್ವೇನಿಯಾದ ಪರವಾನಗಿ ಇಟ್ಕೊಂಡು, ಪಕ್ಕದ ನ್ಯೂಜೆರ್ಸಿಯಲ್ಲೂ ನಡೆಯುತ್ತೆ ಅಂದ್ಕೊಂಡು ಹೋದ್ರು. ಟ್ರಾಫಿಕ್ ಪೊಲೀಸ್ ನಿಲ್ಲಿಸಿದಾಗ ತಾವೇ ಹೇಳಿದ್ರು. ಜೈಲಿನ ಭಯದಲ್ಲಿ ಬದುಕಿ, 2015ರಲ್ಲಿ ರಾಜ್ಯಪಾಲರ ಕ್ಷಮಾದಾನದಿಂದ ಬಚಾವಾದ್ರು. ಪ್ರಾಮಾಣಿಕವಾಗಿ ಹೇಳಿದವರೇ ಇಬ್ಬರೂ.

ಇನ್ನು ಒಂದು ಮಾತು, ಗ್ರೀನ್ ಕಾರ್ಡ್ ಕೂಡ ಇಲ್ಲದವರಿಗೆ. ಎಚ್‌-1ಬಿ, ಎಚ್‌-4, ಎಲ್‌-1, ವಿದ್ಯಾರ್ಥಿಗಳ ಎಫ್‌-1, ಮಗಳ ಬಾಣಂತನಕ್ಕೆ ಹೋಗೋ ಅಮ್ಮಂದಿರ ವಿಸಿಟರ್ ವೀಸಾ, ಇವೆಲ್ಲಾ ಫೆಡರಲ್ ಕಾನೂನಿನಲ್ಲಿ ಒಂದೇ ಗುಂಪು: ಕೋವಿ ಅಥವಾ ಗುಂಡನ್ನ ಹೊಂದಿರೋ ಹಾಗಿಲ್ಲ. ಕೆಲವೇ ವಿನಾಯಿತಿ ಇವೆ, ಸಾಮಾನ್ಯವಾಗಿ ಬಳಕೆಯಲ್ಲಿರೋದು ಅಮೆರಿಕದ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸ್. ‘ಹೊಂದಿರೋದು’ ಅಂದ್ರೆ ಮನೆಯಲ್ಲಿ ಇಟ್ಟುಕೊಳ್ಳೋದು ಮಾತ್ರ ಅಲ್ಲ. ಆಫೀಸಿನ ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ, ಬಾಡಿಗೆ ಪಿಸ್ತೂಲು ಹಿಡಿದು, ಫೋಟೊ ಹಾಕ್ತಾರಲ್ಲ, ಅದೂ ಸೇರುತ್ತೆ. ಸಂಯುಕ್ತ ಅರಬ್ ಎಮಿರೇಟ್ಸ್‌ನ ಒಬ್ಬ ವಿದ್ಯಾರ್ಥಿ, ಫೇಲಾಗಿ ಫ್ಲೋರಿಡಾದ ಕಾಲೇಜಿನಿಂದ ಹೊರಬಿದ್ದ ಮೇಲೆ ರೇಂಜ್‌ನಲ್ಲಿ ಗುಂಡು ಹಾರಿಸಿದ್ದಕ್ಕೇ ಶಿಕ್ಷೆಗೆ ಒಳಗಾದ. ತನ್ನ ವೀಸಾ ಸ್ಥಿತಿ ಅವನಿಗೆ ಗೊತ್ತಿತ್ತು ಅಂತ ಸರ್ಕಾರ ಸಾಬೀತು ಮಾಡಬೇಕು ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನ ರದ್ದು ಮಾಡ್ತು. ಆದರೆ ಸುಪ್ರೀಂ ಕೋರ್ಟ್‌ವರೆಗೆ ಹೋಗೋ ಶಕ್ತಿ ನಮ್ಮ ಎಷ್ಟು ಹುಡುಗರಿಗಿದೆ ಹೇಳಿ.

ಸರಿ, ಸ್ಯಾಕ್ರಮೆಂಟೊದ ಸ್ನೇಹಿತರಿಗೆ. ನಿಮಗೆ ಬೇಕೇ ಬೇಕು ಅಂತಿದ್ರೆ ಅಣ್ಣನ ಪಿಸ್ತೂಲಿನ ಆಸೆ ಬಿಡಿ. ನಿಮ್ಮೂರಿನ ಡೀಲರ್ ಹತ್ತಿರ ಹೋಗಿ. 21 ತುಂಬಿರಬೇಕು, ನಿಮಗೆ ತುಂಬಿದೆ. ಕೋವಿ ಸುರಕ್ಷತೆಯ ಲಿಖಿತ ಪರೀಕ್ಷೆ ಇದೆ, 30 ಪ್ರಶ್ನೆ, 23 ಸರಿ ಆದ್ರೆ ಪಾಸು. ಪಟ್ಟಿಯಲ್ಲಿರೋ ಮಾದರಿ ಆರಿಸಿ, ಫಾರ್ಮ್ ಅನ್ನ ನೀವೇ ಓದಿ ನೀವೇ ತುಂಬಿ, 10 ದಿನ ಕಾಯಿರಿ. 2024ರ ಜುಲೈಯಿಂದ ಶೇ 11ರ ರಾಜ್ಯ ತೆರಿಗೆಯೂ ಇದೆ, ಬೆಲೆಯಲ್ಲಿ ಅದು ಕಾಣುತ್ತೆ. ಮನೆಯಲ್ಲಿ ಮಕ್ಕಳಿದ್ದಾರೆ ಅಂದಿದ್ದೀರಿ, ಬೀಗದ ಪೆಟ್ಟಿಗೆಯನ್ನ ಪಿಸ್ತೂಲಿಗಿಂತ ಮೊದಲು ಕೊಳ್ಳಿ. ಮಕ್ಕಳ ಕೈಗೆ ಸಿಗೋ ಹಾಗೆ ಇಟ್ರೆ ಅದಕ್ಕೂ ಅಲ್ಲಿ ಬೇರೆ ಕಾನೂನಿದೆ. ಕಾನೂನು ಆಗಾಗ ಬದಲಾಗ್ತಾ ಇರೋದರಿಂದ, ಹಣ ಕೊಡೋ ಮುಂಚೆ ವಲಸೆ ಕಾನೂನೂ ಗೊತ್ತಿರೋ ಒಬ್ಬ ವಕೀಲರನ್ನ ಒಂದು ಗಂಟೆ ಕೇಳಿ.

ಅಣ್ಣನಿಗೆ ಹೇಳಿ, ದೀಪಾವಳಿಗೆ ಬರುವಾಗ ಫೀನಿಕ್ಸ್‌ನ ಅಂಗಡಿಯಿಂದ ಮೈಸೂರು ಪಾಕ್ ತರಲಿ. ಅದನ್ನ ಗಡಿಯಲ್ಲಿ ಯಾರೂ ಕೇಳಲ್ಲ. ಹಣ್ಣು ತಂದ್ರೆ ಮಾತ್ರ ಕ್ಯಾಲಿಫೋರ್ನಿಯಾದ ಕೃಷಿ ಇಲಾಖೆಯವರು ಗಡಿಯಲ್ಲಿ ಕಾರು ನಿಲ್ಲಿಸಿ ಕೇಳ್ತಾರೆ.